ಇಪ್ಪತ್ತು ಎಂಬತ್ತರ ನಡುವೆ ಒಬ್ಬ ಹುಡುಗ

ಗಂಟೆ ಆರು. ಜುಲೈ ತಿಂಗಳ ಬಿಸಿಲು ಇನ್ನೂ ಇಳಿದಿಲ್ಲ. ಉತ್ತರ ಕೆರೊಲಿನಾದ ಸೆಕೆಗೆ ನಿಮಗೆ ಮಂಗಳೂರಿನ ಮೇ ತಿಂಗಳು ನೆನಪಾಗುತ್ತಿದೆ; ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಇಬ್ಬರೂ ಮೊರಿಸ್‌ವಿಲ್‌ಗೆ ಬಂದು ಎರಡು ತಿಂಗಳಾಯಿತು. ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಮೊಮ್ಮಗು, ಸಂಜೆ ಯೂಟ್ಯೂಬ್. ಪಕ್ಕದ ಬೀದಿಯವನಾದ ನಾನು "ಅಂಕಲ್, ಒಂದು ಸಂಜೆ ಬೇಸ್‌ಬಾಲ್‌ಗೆ ಬನ್ನಿ" ಎಂದಾಗ, ಕ್ರಿಕೆಟ್ ನೋಡಿಯೇ ತಲೆ ನರೆತ ನೀವು ಅರ್ಧ ಮನಸ್ಸಿನಲ್ಲಿ ಚಪ್ಪಲಿ ಮೆಟ್ಟಿ ಹೊರಟಿರಿ.

ಈಗ ಡರ್ಹಮ್ ಬುಲ್ಸ್ ಅಥ್ಲೆಟಿಕ್ ಪಾರ್ಕಿನ ಮೆಟ್ಟಿಲಿಳಿಯುತ್ತಿದ್ದೀರಿ. ಪಕ್ಕದಲ್ಲಿ ಕೆಂಪಿಟ್ಟಿಗೆಯ ಹಳೇ ತಂಬಾಕು ಕಾರ್ಖಾನೆಗಳು. ಅವುಗಳ ಮೇಲೆ ಲಕ್ಕಿ ಸ್ಟ್ರೈಕ್ ಎಂದು ಬರೆದ ಎತ್ತರದ ಚಿಮಣಿ. ಒಂದು ಕಾಲಕ್ಕೆ ಅಮೆರಿಕದ ಸಿಗರೇಟು ಸುತ್ತುತ್ತಿದ್ದ ಆ ಕಟ್ಟಡಗಳಲ್ಲೀಗ ಕಚೇರಿಗಳು, ಹೋಟೆಲುಗಳು. ಎಡಗಡೆ ಬೌಂಡರಿಯಲ್ಲಿ 32 ಅಡಿ ಎತ್ತರದ ನೀಲಿ ಗೋಡೆ. ಅದಕ್ಕೆ ಬ್ಲೂ ಮಾನ್ಸ್ಟರ್ ಎಂದು ಹೆಸರು. ಗೋಡೆಯ ಮೇಲೊಂದು ದೊಡ್ಡ ಗೂಳಿ. ಗೂಳಿಗೆ ಹೊಡೆದರೆ ಸ್ಟೀಕ್, ಅದರ ಕಾಲಡಿಯ ಹುಲ್ಲಿಗೆ ಹೊಡೆದರೆ ಸಲಾಡ್ ಎಂದು ಬರೆದಿದ್ದಾರೆ. 1988ರಲ್ಲಿ ಬಂದ 'ಬುಲ್ ಡರ್ಹಮ್' ಸಿನಿಮಾಕ್ಕೆಂದು ಊರಿನ ಹಳೇ ಮೈದಾನದಲ್ಲಿ ನಿಲ್ಲಿಸಿದ್ದ ಗೂಳಿಯ ವಂಶ ಇದು. "ನಾವು ಹುಲ್ಲಿಗೇ ಗುರಿಯಿಡಬೇಕು" ಎಂದು ನೀವು ನಗುತ್ತೀರಿ. ಸರಿ, ಸಂಜೆಗೆ ಕಳೆ ಬಂತು.

ಹೋಂ ಪ್ಲೇಟಿನ ನೇರ ಹಿಂದೆ, ಬಲೆಯ ಈಚೆ ಕೂರುತ್ತೇವೆ. ಜೇಬಿನಿಂದ ಎರಡು ವಸ್ತು ತೆಗೆದು ನಿಮ್ಮ ಕೈಗಿಡುತ್ತೇನೆ. ಒಂದು ಸ್ಟಾಪ್‌ವಾಚ್, ಇನ್ನೊಂದು ಮಡಿಸಿದ ಕಾಗದ. ಕಾಗದದ ಮೇಲೆ ಮೂವರು ಆಟಗಾರರ ವಿವರ. ಹೆಸರಿಲ್ಲ, ಬೆನ್ನ ಮೇಲಿನ ನಂಬರೂ ವಯಸ್ಸೂ ಅಷ್ಟೆ. ಎರಡನೇ ಮೂರನೇ ಬೇಸುಗಳ ನಡುವೆ ನಿಲ್ಲುವ ಇಪ್ಪತ್ತು ವರ್ಷದ ಶಾರ್ಟ್‌ಸ್ಟಾಪ್ ಒಬ್ಬ, ಇಪ್ಪತ್ತೆರಡರ ಪಿಚರ್ ಒಬ್ಬ, ಇಪ್ಪತ್ತೆಂಟರ ಫಸ್ಟ್ ಬೇಸ್‌ಮನ್ ಒಬ್ಬ. "ಮನೆಗೆ ಹೋಗುವಷ್ಟರಲ್ಲಿ ಇವರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಿ ಅಂಕಲ್. ಆದರೆ ಸ್ಕೋರ್‌ಬೋರ್ಡ್ ನೋಡಬೇಡಿ." ಸ್ಕೋರ್ ನೋಡದೆ ಆಟ ನೋಡುವುದು ಹೇಗೆ ಎಂಬ ಪ್ರಶ್ನೆ ನಿಮ್ಮ ಹುಬ್ಬಿನಲ್ಲೇ ಇದೆ.

ಮುಂದಿನ ಸಾಲಿನ ಆ ಮನುಷ್ಯನನ್ನು ನೋಡಿ. ಹುಲ್ಲಿನ ಟೊಪ್ಪಿ, ಮಾಸಲು ಪೋಲೋ ಅಂಗಿ, ಮೊಣಕಾಲ ಮೇಲೆ ರೇಡಾರ್ ಗನ್. ಆಟಗಾರರನ್ನು ಅಳೆದು ನೋಡಲು ಬಂದ ಬೇರೊಂದು ಕ್ಲಬ್ಬಿನ ಸ್ಕೌಟ್ ಇರಬೇಕು. ಸುತ್ತಲಿನವರು ಹಾಟ್ ಡಾಗ್ ತಿನ್ನುತ್ತಿದ್ದಾರೆ, ಮಕ್ಕಳು ಗೂಳಿವೇಷದವನ ಹಿಂದೆ ಓಡುತ್ತಿದ್ದಾರೆ. ಇವನೊಬ್ಬ ಮಾತ್ರ ಶ್ರಾದ್ಧಕ್ಕೆ ಬಂದ ಪುರೋಹಿತರಂತೆ ಗಂಭೀರ.

ಆರು ಮೂವತ್ತೈದು. ಆಟ ಶುರು.

ಇಪ್ಪತ್ತೆರಡರ ಪಿಚರ್ ದಿಬ್ಬದ ಮೇಲೆ ನಿಂತಿದ್ದಾನೆ. ಅಲ್ಲಿಂದ ಪ್ಲೇಟಿಗೆ 60 ಅಡಿ 6 ಅಂಗುಲ. ನಿಮ್ಮ ಕ್ರಿಕೆಟ್ ಪಿಚ್‌ಗಿಂತ ಸ್ವಲ್ಪವೇ ಗಿಡ್ಡ. ಇಲ್ಲಿ ಚೆಂಡಿಗೆ ನೆಲ ತಾಗುವ ಕೆಲಸವಿಲ್ಲ, ಎಲ್ಲವೂ ಫುಲ್‌ಟಾಸ್. ಅವನು ಕಾಲೆತ್ತಿದ, ಎಸೆದ. ಕ್ಯಾಚರ್‌ನ ಗ್ಲೌಸಿನಲ್ಲಿ ಚಟ್ ಎಂದ ಸದ್ದು ನಿಮ್ಮ ಎದೆಗೂ ತಾಗಿತು. ಬೋರ್ಡಿನ ಮೇಲೆ 97. ಮೈಲಿಯ ಲೆಕ್ಕ ಅದು. ನಮ್ಮ ಲೆಕ್ಕದಲ್ಲಿ ಗಂಟೆಗೆ 156 ಕಿಲೋಮೀಟರ್. ಜನ 'ಓಹ್' ಎಂದರು. ನೀವೂ ಎಂದಿರಿ. ಟೊಪ್ಪಿಯವನು ತಲೆ ಅಲ್ಲಾಡಿಸಲಿಲ್ಲ.

"ಈ ಸಲ ಚೆಂಡು ಬೇಡ, ಕ್ಯಾಚರ್‌ನ ಗ್ಲೌಸು ನೋಡಿ" ಎನ್ನುತ್ತೇನೆ. ಗ್ಲೌಸು ಬ್ಯಾಟರ್‌ನ ಮೊಣಕಾಲ ಹತ್ತಿರ, ಹೊರಅಂಚಿಗೆ ತೆರೆದು ನಿಂತಿದೆ. ಚೆಂಡು ಬಂತು. ಗ್ಲೌಸು ಎದೆಯವರೆಗೆ ಹಾರಿ ಹಿಡಿಯಿತು. ಮತ್ತೊಂದು. ಈ ಸಲ ಒಳಕ್ಕೆ ಒಂದಡಿ ಸರಿಯಿತು. ಮೂರನೆಯದಕ್ಕೆ ಕ್ಯಾಚರ್ ಮಂಡಿಯೂರಿ ನೆಲ ಗುಡಿಸಿದ. ನಾಲ್ಕೆಸೆತಕ್ಕೇ ನಿಮಗೆ ಗೊತ್ತಾಗಿದೆ: ಹುಡುಗನ ಕೈಯಲ್ಲಿ ಗುಂಡಿದೆ, ಗುರಿಯಿಲ್ಲ. ಟೊಪ್ಪಿಯವನು ಮೊದಲ ಬಾರಿ ಪೆನ್ಸಿಲ್ ಎತ್ತಿ ಏನನ್ನೋ ಗೀಚಿದ.

ಏನು ಗೀಚಿರಬಹುದು? ಎರಡು ಅಂಕೆ. ಮೊದಲನೆಯದು ಇವತ್ತಿನದು, ಎರಡನೆಯದು ನಾಳೆಯದು. ಈ ಲೋಕದಲ್ಲಿ ಅಂಕಗಳು ಸೊನ್ನೆಯಿಂದ ನೂರರವರೆಗೆ ಇಲ್ಲ, 20ರಿಂದ 80ರವರೆಗೆ. ಈ ಅಳತೆಯನ್ನು ಬ್ರಾಂಚ್ ರಿಕಿಯ ಹೆಸರಿಗೆ ಕಟ್ಟುತ್ತಾರೆ. 1947ರಲ್ಲಿ ಜಾಕಿ ರಾಬಿನ್ಸನ್‌ನನ್ನು ಇಲ್ಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗಿಗೆ ತಂದು ವರ್ಣಭೇದದ ಗೋಡೆ ಒಡೆದ ಅದೇ ರಿಕಿ. ಚಿಕ್ಕ ಊರುಗಳ ತಂಡಗಳಲ್ಲಿ ಹುಡುಗರನ್ನು ಸಸಿಮಡಿಯಂತೆ ಬೆಳೆಸುವ ಪದ್ಧತಿಯನ್ನು 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ಕಟ್ಟಿದವನೂ ಅವನೇ. ಅಳತೆ ಸುಲಭ: 50 ಎಂದರೆ ಮೇಜರ್ ಲೀಗಿನ ಸರಾಸರಿ ಆಟಗಾರ. ಅಲ್ಲಿಂದ ಹತ್ತು ಹತ್ತರ ಮೆಟ್ಟಿಲು, ನಡುವೆ ಅರ್ಧ ಮೆಟ್ಟಿಲೂ ಉಂಟು. 60 ಎಂದರೆ ಚೆನ್ನಾಗಿದೆ, 70 ಎಂದರೆ ಕೈಬೆರಳಲ್ಲಿ ಎಣಿಸುವಷ್ಟು ಜನ, 80 ಎಂದರೆ ದೇವರು ಕೊಟ್ಟದ್ದು. ಸಂಖ್ಯಾಶಾಸ್ತ್ರ ಓದಿದವರು ಆ ಹತ್ತನ್ನು ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದು ಗುರುತು ಹಿಡಿಯುತ್ತಾರೆ. ನಡುವಿನಿಂದ ಮೇಲೆ ಮೂರು, ಕೆಳಗೆ ಮೂರು. ಹೆಚ್ಚುಕಡಿಮೆ ಎಲ್ಲರೂ ಅಷ್ಟರೊಳಗೆ ಬಂದುಬಿಡುತ್ತಾರೆ.

ಪಿಚರ್‌ನ ವೇಗಕ್ಕೆ 70 ಕೊಡಿ. ಹಿಡಿತಕ್ಕೆ ಇವತ್ತು 30. ಎರಡನೇ ಅಂಕೆಯನ್ನು ಈಗಲೇ ಬರೆಯಬೇಡಿ.

ಎರಡನೇ ಇನಿಂಗ್ಸ್‌ನಲ್ಲಿ ಅವನು ನಿಧಾನದ ಚೆಂಡೊಂದನ್ನು ಎಸೆದ, ಚೇಂಜ್‌ಅಪ್ ಎನ್ನುತ್ತಾರೆ. ಬ್ಯಾಟರ್ ಸುಮ್ಮನೆ ಬಿಟ್ಟ. ನಾನು ಬಾಯಿ ತೆರೆಯುವ ಮೊದಲೇ ನೀವು "ಕೈ ನಿಧಾನ ಆಯ್ತಲ್ಲ" ಎಂದಿರಿ. ಹೌದು, ತೋಳು ಸೊರಗಿ ಗುಟ್ಟು ಬಿಟ್ಟುಕೊಟ್ಟಿತು. ಗೂಗ್ಲಿಯನ್ನು ಕೈಯಲ್ಲೇ ಓದುವ ಬ್ಯಾಟ್ಸ್‌ಮನ್‌ಗಳನ್ನು ಐವತ್ತು ವರ್ಷ ನೋಡಿದ ಕಣ್ಣು ನಿಮ್ಮದು. ಅದಕ್ಕೆ ದೇಶ ಬದಲಾದರೆ ಏನು? ಮುಂದಿನ ಸಾಲಿನ ಟೊಪ್ಪಿಯವನಿಗೆ ಕನ್ನಡ ಗೊತ್ತಿಲ್ಲ. ಆದರೆ ಅವನೂ ಅದನ್ನೇ ಬರೆದಿರುತ್ತಾನೆ.

ಬರಿ ವೇಗದ ಕಥೆ ನಮ್ಮ ದೇಶಕ್ಕೂ ಗೊತ್ತು. 2008ರಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಎಂಬ ಸ್ಪರ್ಧೆ ಭಾರತಕ್ಕೆ ಬಂತು. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಆ ವರ್ಷವೇ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಸಹಿ ಹಾಕಿದರು. ಅದುವರೆಗೆ ಬೇಸ್‌ಬಾಲ್ ಎಂದರೇನೆಂದೇ ಗೊತ್ತಿಲ್ಲದವರು. ದಿನೇಶ್ 2010ರ ಕೊನೆಗೆ ಊರಿಗೆ ಮರಳಿದರು. ರಿಂಕು ಕೆಳಹಂತದ ತಂಡಗಳಲ್ಲಿ 2012ರವರೆಗೆ ಆಡಿದರು. ಆಮೇಲೆ ಗಾಯಗಳು ಬಿಡಲಿಲ್ಲ. ಮುಂದೆ ಕುಸ್ತಿಯ ಅಖಾಡದಲ್ಲಿ ಹೆಸರು ಮಾಡಿದರು. ಪಿಚರ್‌ಗಳ ವಿಷಯದಲ್ಲಿ ಇಲ್ಲಿ ಒಂದು ಕಟಕಿಯೇ ಇದೆ: ಪಿಚಿಂಗ್ ಪ್ರಾಸ್ಪೆಕ್ಟ್, ಅಂದರೆ ನಾಳೆಯ ಭರವಸೆಯ ಪಿಚರ್, ಎಂಬ ಪ್ರಾಣಿಯೇ ಇಲ್ಲವಂತೆ. ಮೊಣಕೈ ಯಾವತ್ತು ಹರಿಯುತ್ತದೋ ಹೇಳುವವರಿಲ್ಲ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಹೊಸ ಸ್ನಾಯುರಜ್ಜು ಕಟ್ಟಿದರು. ಇವತ್ತು ಆ ಶಸ್ತ್ರಚಿಕಿತ್ಸೆಗೆ ಆಟಗಾರನದೇ ಹೆಸರು. ಹೈಸ್ಕೂಲ್ ಹುಡುಗರೂ ಮಾಡಿಸಿಕೊಳ್ಳುತ್ತಾರೆ.

ಈಗ ಸ್ಟಾಪ್‌ವಾಚ್ ಎತ್ತಿಕೊಳ್ಳಿ. ಇಪ್ಪತ್ತರ ಶಾರ್ಟ್‌ಸ್ಟಾಪ್ ಬ್ಯಾಟ್ ಹಿಡಿದು ಬಂದಿದ್ದಾನೆ. ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ಮೊದಲ ಸರದಿಯಲ್ಲಿ ಹತ್ತು ಎಸೆತ ಎದುರಿಸಿ ಸ್ಟ್ರೈಕ್‌ಔಟ್ ಆಗಿ ಹೋಗಿದ್ದ. ಬೋರ್ಡಿನಲ್ಲಿ ಅದು ಸೊನ್ನೆ. ಆದರೆ ಹೊರಕ್ಕೆ ಜಾರಿದ ಎರಡು ಸ್ಲೈಡರ್‌ಗಳನ್ನು ಅವನು ಬ್ಯಾಟ್ ಅಲ್ಲಾಡಿಸದೆ ಬಿಟ್ಟಿದ್ದನ್ನು ನೀವು ನೋಡಿದಿರಿ. ಒಂದಕ್ಕೆ ಅಂಪೈರ್ ಸ್ಟ್ರೈಕ್ ಎಂದಾಗ ಹುಡುಗ ಹೆಲ್ಮೆಟ್ ತಟ್ಟಿದ. ಈ ಹಂತದಲ್ಲಿ ಅದೇ ಮೇಲ್ಮನವಿ. ಎಲ್‌ಬಿಡಬ್ಲ್ಯುಗೆ ನಾವು ನೋಡುವ ಅದೇ ಹಾಕ್-ಐ ಕ್ಯಾಮೆರಾಗಳು ತೀರ್ಪು ಕೊಡುತ್ತವೆ. ದೊಡ್ಡ ಪರದೆಯ ಮೇಲೆ ಚೆಂಡು ಕೂದಲೆಳೆಯಷ್ಟು ಹೊರಗಿತ್ತು. ಹುಡುಗ ಗೆದ್ದ. ಅಂಪೈರ್‌ಗಿಂತ ಚೆನ್ನಾಗಿ ನೋಡುವ ಕಣ್ಣು. ಅದನ್ನು ಬರೆದುಕೊಳ್ಳಿ.

"ಬ್ಯಾಟಿಗೆ ಚೆಂಡು ತಾಗಿದಾಗ ಒತ್ತಿ, ಅವನ ಕಾಲು ಫಸ್ಟ್ ಬೇಸಿಗೆ ತಾಗಿದಾಗ ಮತ್ತೆ ಒತ್ತಿ." ಹೆಬ್ಬೆರಳು ಸಿದ್ಧ. ಟಕ್! ಚೆಂಡು ನೆಲ ಹಿಡಿದು ಥರ್ಡ್ ಬೇಸಿನ ಕಡೆ ಉರುಳಿತು. ನೀವು ಚೆಂಡನ್ನು ಮರೆತು ಹುಡುಗನ ಕಾಲನ್ನೇ ನೋಡುತ್ತಿದ್ದೀರಿ. 90 ಅಡಿ. ಎಸೆದ ಚೆಂಡು ಅವನಿಗಿಂತ ಅರ್ಧ ಹೆಜ್ಜೆ ಮೊದಲು ಬಂತು. ಔಟ್. ಗಡಿಯಾರದಲ್ಲಿ 4.12. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್ ಎಂದರೆ ಸರಾಸರಿ, ಅಂದರೆ 50. 4.1 ಎಂದರೆ 70. ಎಡಗೈಯವರು ಬೇಸಿಗೆ ಒಂದು ಹೆಜ್ಜೆ ಹತ್ತಿರ ನಿಲ್ಲುವುದರಿಂದ ಅವರಿಗೆ ಹತ್ತನೇ ಒಂದು ಸೆಕೆಂಡ್ ಕಡಿತ. ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಎರಡು ಮೆಟ್ಟಿಲು! ನೀವು ಗಡಿಯಾರವನ್ನು ಟೊಪ್ಪಿಯವನತ್ತ ತಿರುಗಿಸಿ ತೋರಿಸಿದಿರಿ. ಅವನು ಮೆಲ್ಲಗೆ ನಕ್ಕು ತನ್ನದನ್ನು ತೋರಿಸಿದ. 4.14. ಸಲಾಮು.

ಓಟ ಒಂದು. ಬ್ಯಾಟಿಂಗ್, ಬಲ, ಫೀಲ್ಡಿಂಗ್, ತೋಳು: ಉಳಿದ ನಾಲ್ಕು. ಈ ಐದಕ್ಕೂ 'ಟೂಲ್' ಎಂದು ಹೆಸರು, ಬಡಗಿಯ ಚೀಲದಲ್ಲಿರುವ ಉಳಿ ಬಾಚಿಗಳಂತೆ. ಐದರಲ್ಲೂ ಕಷ್ಟದ್ದು ಬ್ಯಾಟಿಂಗ್. ಓಟಕ್ಕೆ ಗಡಿಯಾರವಿದೆ, ತೋಳಿಗೆ ಗನ್ ಇದೆ. ಆದರೆ ಮುಂದಿನ ಹಂತದ ಪಿಚರ್‌ಗೆ ಈ ಹುಡುಗ ಹೊಡೆಯಬಲ್ಲನೇ ಎಂದು ಅಳೆಯುವ ಯಂತ್ರ ಇಲ್ಲ. ಭರವಸೆಯ ಹುಡುಗರ ದೊಡ್ಡ ದೊಡ್ಡ ಪಟ್ಟಿಗಳು ಮಣ್ಣುಮುಕ್ಕಿದ್ದು ಇಲ್ಲಿಯೇ.

ಐದನೇ ಇನಿಂಗ್ಸ್. ಇಪ್ಪತ್ತೆಂಟರ ಫಸ್ಟ್ ಬೇಸ್‌ಮನ್ ದಪ್ಪ ತೋಳು ಬೀಸಿದ. ಚೆಂಡು ಎಡಕ್ಕೆ ಗಾಳಿಪಟದಂತೆ ಎದ್ದು ನೀಲಿ ಗೋಡೆಗೆ ಢಬ್ ಎಂದು ಬಡಿಯಿತು. ಎರಡು ರನ್. ಹತ್ತು ಸಾವಿರ ಜನ ಹಿಡಿಯುವ ಪಾರ್ಕ್ ಎದ್ದು ನಿಂತಿತು. ನೀವೂ ಎದ್ದಿರಿ. ಅದೇ ಇನಿಂಗ್ಸ್‌ನಲ್ಲಿ ಇಪ್ಪತ್ತರ ಹುಡುಗ ಚೆಂಡನ್ನು ಈಟಿಯಂತೆ ನೇರ ನಡುಬೌಂಡರಿಗೆ ಹೊಡೆದ. ಫೀಲ್ಡರ್ ಗೋಡೆಗೆ ಬೆನ್ನು ಕೊಟ್ಟು ಹಿಡಿದ. ಔಟ್. ಯಾರೂ ಏಳಲಿಲ್ಲ.

ಟೊಪ್ಪಿಯವನು ಬರೆದದ್ದು ಎರಡನೆಯದಕ್ಕೆ.

ಯಾಕೆಂದು ಹೇಳುತ್ತೇನೆ, ಕೂರಿ. ಎಡಮೂಲೆಯ ಆ ಗೋಡೆ ಇಲ್ಲಿಂದ 305 ಅಡಿ. ಬೇರೆ ಬಹಳ ಮೈದಾನಗಳಲ್ಲಿ ಆ ಹೊಡೆತ ಸುಲಭದ ಕ್ಯಾಚ್. ನಡುಬೌಂಡರಿ 400 ಅಡಿ. ಅಲ್ಲಿಗೆ ಹೋದದ್ದು ಬೇರೆ ಕಡೆ ಹೋಂ ರನ್ ಆಗಬಹುದಿತ್ತು. ಎತ್ತರದ ಬೆಟ್ಟದೂರುಗಳಲ್ಲಿ, ಆಲ್ಬುಕರ್ಕಿ ರೀನೋಗಳಂಥ ಕಡೆ, ತೆಳು ಗಾಳಿಗೆ ಚೆಂಡು ಇನ್ನೂ ದೂರ ಹಾರುತ್ತದೆ. ಅಲ್ಲಿ ಮೂವತ್ತು ಹೋಂ ರನ್ ಬಾರಿಸಿದವನನ್ನೂ ಇಲ್ಲಿ ಇಪ್ಪತ್ತು ಬಾರಿಸಿದವನನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮೋಸ ಹೋಗುತ್ತೀರಿ. ಸ್ಕೋರ್‌ಬೋರ್ಡ್ ಹೇಳುವುದು ಏನಾಯಿತು ಎಂಬುದನ್ನು. ಹೇಗಾಯಿತು ಎಂಬುದಕ್ಕೆ ಕಣ್ಣೇ ಬೇಕು.

ಇನ್ನೊಂದು ತಕ್ಕಡಿ ವಯಸ್ಸಿನದು. ಇದು ಟ್ರಿಪಲ್ ಎ. ಮೇಜರ್ ಲೀಗಿನ ಹೊಸ್ತಿಲು. ಇದರ ಕೆಳಗೆ ಡಬಲ್ ಎ, ಹೈ ಎ, ಸಿಂಗಲ್ ಎ. ಒಟ್ಟು 120 ತಂಡ. ಅದಕ್ಕೂ ಕೆಳಗೆ ಫ್ಲಾರಿಡಾ, ಅರಿಜೋನಾ, ಡೊಮಿನಿಕನ್ ರಿಪಬ್ಲಿಕ್‌ಗಳ ಮಣ್ಣಿನಂಗಳಗಳಲ್ಲಿ ಹದಿನೇಳು ಹದಿನೆಂಟರ ಹುಡುಗರು. ಈ ಹೊಸ್ತಿಲಿನಲ್ಲಿ ನಿಂತವರು ಬಹುತೇಕ ಇಪ್ಪತ್ತೈದು ದಾಟಿದವರು, ಮೇಲೆ ಹೋಗಿ ಮರಳಿ ಬಂದವರೂ ಇದ್ದಾರೆ. ಅವರ ನಡುವೆ ಇಪ್ಪತ್ತರ ಹುಡುಗ ಸೋಲದೆ ನಿಂತದ್ದೇ ದೊಡ್ಡದು. ಏಳನೇ ಕ್ಲಾಸಿನವನು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪಾಸಾದಂತೆ. ಇಪ್ಪತ್ತೆಂಟರವನು ಅದೇ ಪರೀಕ್ಷೆಯನ್ನು ನಾಲ್ಕನೇ ಸಲ ಬರೆದು ಡಿಸ್ಟಿಂಕ್ಷನ್ ತೆಗೆಯುತ್ತಿದ್ದಾನೆ. ಇಲ್ಲಿಗೆ ಹೆಚ್ಚು, ಅಲ್ಲಿಗೆ ಕಡಿಮೆ; ಅಂಥವರನ್ನು ಇಲ್ಲಿ 'ಕ್ವಾಡ್ರುಪಲ್ ಎ' ಎಂದು ಮರುಕದಿಂದ ಕರೆಯುತ್ತಾರೆ. ಇಲ್ಲದ ನಾಲ್ಕನೇ ಎ.

ಈ ಪಟ್ಟಿ ಮಾಡುವ ಚಟಕ್ಕೂ ಈ ಊರಿಗೂ ನಂಟಿದೆ. 1981ರಲ್ಲಿ ಅಲನ್ ಸಿಂಪ್ಸನ್ ಕೆನಡಾದಲ್ಲಿ ಶುರುಮಾಡಿದ 'ಬೇಸ್‌ಬಾಲ್ ಅಮೆರಿಕ' ಎಂಬ ಪತ್ರಿಕೆ ಕೆಲವೇ ವರ್ಷಗಳಲ್ಲಿ ಡರ್ಹಮ್‌ಗೆ ಬಂದು ನೆಲೆಯೂರಿತು. 1990ರಿಂದ ಅದು ಪ್ರತಿ ವರ್ಷ ನೂರು ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದೆ. 2001ರಿಂದ ಮೂವತ್ತು ಕ್ಲಬ್ಬುಗಳಿಂದ ತಲಾ ಮೂವತ್ತು, ಒಂಬೈನೂರು ಹುಡುಗರ ಜಾತಕ ಬರೆದು ಪುಸ್ತಕ ತರುತ್ತದೆ. ಸ್ಕೌಟ್‌ಗಳಿಗೆ ಫೋನ್ ಹಚ್ಚುವುದು, ಎದುರಾಳಿ ಕೋಚ್‌ಗಳನ್ನು ಮಾತಿಗೆಳೆಯುವುದು, ಅಂಕಿಸಂಖ್ಯೆ ತೂಗುವುದು, ಮತ್ತೆ ಹೀಗೆ ಬಂದು ಕೂತು ನೋಡುವುದು. ಹಾಗೆ ಬೀಳುತ್ತದೆ ಪಟ್ಟಿ.

ಅಷ್ಟು ಮಾಡಿಯೂ? 1992ರ ಪಟ್ಟಿಯ ತುದಿಯಲ್ಲಿದ್ದವನು ಬ್ರಿಯೆನ್ ಟೇಲರ್, ಇದೇ ರಾಜ್ಯದ ಕಡಲೂರಿನ ಹುಡುಗ. ಕ್ಲಬ್ಬುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 1991ರಲ್ಲಿ, ಎಲ್ಲರಿಗಿಂತ ಮೊದಲು ಯಾಂಕೀಸ್ ತಂಡ ಅವನನ್ನು ಆರಿಸಿ 15.5 ಲಕ್ಷ ಡಾಲರ್ ಕೊಟ್ಟಿತು. 1993ರ ಡಿಸೆಂಬರಿನಲ್ಲಿ ಒಂದು ಹೊಡೆದಾಟದಲ್ಲಿ ಭುಜ ಹೋಯಿತು. ಮೇಜರ್ ಲೀಗಿನಲ್ಲಿ ಒಂದೇ ಒಂದು ಚೆಂಡು ಎಸೆಯಲಿಲ್ಲ. 2001ರ ತುದಿಯಲ್ಲಿದ್ದವನು ಜಾಶ್ ಹ್ಯಾಮಿಲ್ಟನ್, ಪಕ್ಕದ ರಾಲಿಯ ಹುಡುಗ; 1999ರ ಮೊದಲ ಆಯ್ಕೆ. ಗಾಯ, ಆಮೇಲೆ ಮಾದಕ ವ್ಯಸನ, ವರ್ಷಗಟ್ಟಲೆ ನಿಷೇಧ. ಪಟ್ಟಿಗಳು ಅವನ ಹೆಸರನ್ನು ಅಳಿಸಿದವು. 2007ರಲ್ಲಿ ಎದ್ದು ಬಂದ, 2010ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರನಾದ.

ಇನ್ನು ಮೊದಲಿಗೆ ಯಾರ ಕಣ್ಣಿಗೂ ಬೀಳದವರು. ಹೊಸೆ ಆಲ್ಟುವೆ ಐದಡಿ ಆರಂಗುಲದ ವೆನಿಜುವೆಲಾದ ಹುಡುಗ. ಆಯ್ಕೆಗೆ ಬಂದವನನ್ನು ಗಿಡ್ಡ ಎಂದು ಮೊದಲು ವಾಪಸು ಕಳಿಸಿದರು. ಮರುದಿನ ಮತ್ತೆ ಬಂದ. 2007ರಲ್ಲಿ ಕೇವಲ 15,000 ಡಾಲರಿಗೆ ಹ್ಯೂಸ್ಟನ್ ಆಸ್ಟ್ರೋಸ್ ಒಪ್ಪಿಕೊಂಡಿತು. ಹತ್ತು ವರ್ಷದ ಮೇಲೆ, 2017ರಲ್ಲಿ, ಲೀಗಿನ ಅತ್ಯಮೂಲ್ಯ ಆಟಗಾರ. ಮೈಕ್ ಪಿಯಾಝಾನನ್ನು 1988ರಲ್ಲಿ 62ನೇ ಸುತ್ತಿನಲ್ಲಿ, 1,390ನೆಯವನಾಗಿ, ಮನೆಯವರ ಮೇಲಿನ ದಾಕ್ಷಿಣ್ಯಕ್ಕೆ ಆರಿಸಿದರು. 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಈಗ ಡ್ರಾಫ್ಟಿಗೆ ಇಪ್ಪತ್ತೇ ಸುತ್ತು. 62ನೇ ಸುತ್ತು ಎಂಬುದೇ ಉಳಿದಿಲ್ಲ.

ಏಳನೇ ಇನಿಂಗ್ಸ್. ದೀಪಗಳು ಹತ್ತಿವೆ, ಸೆಕೆ ಸ್ವಲ್ಪ ಸಡಿಲಿದೆ. ಇಪ್ಪತ್ತರ ಹುಡುಗನ ಕಡೆಗೆ ಸುಲಭದ ಚೆಂಡೊಂದು ಉರುಳಿ ಬಂತು. ಅವಸರಪಟ್ಟ. ಗ್ಲೌಸಿಗೆ ತಾಗಿ ಕಾಲ ಬಳಿ ಬಿತ್ತು. ರನ್ ಹೋಯಿತು, ಮೇಲಿನಿಂದ ಯಾರೋ ಕೂಗಿದರು. "ಅಯ್ಯೋ ಮಾರಾಯ" ಎಂದು ನೀವು ತೊಡೆ ತಟ್ಟಿಕೊಂಡಿರಿ. ಇಷ್ಟರಲ್ಲೇ ಅವನು ನಿಮ್ಮ ಹುಡುಗನಾಗಿದ್ದಾನೆ.

ಈಗ ಅವನ ಮುಖ ನೋಡಿ. ಗಡಿಯಾರ, ಗನ್, ಕ್ಯಾಮೆರಾ ಯಾವುದೂ ಹಿಡಿಯದ ಆರನೆಯ ಸಂಗತಿ ಇದು. ಸ್ಕೌಟ್‌ಗಳ ಬಾಯಲ್ಲಿ 'ಮೇಕಪ್'. ನಮ್ಮ ಮಾತಿನಲ್ಲಿ ಗಟ್ಟಿತನ. ಇದೇ ಬುಲ್ಸ್ ತಂಡದ ಡೆಲ್ಮನ್ ಯಂಗ್ 2006ರ ಪಟ್ಟಿಯಲ್ಲಿ ಮೊದಲಿಗ. ಆ ಏಪ್ರಿಲ್‌ನಲ್ಲಿ ಪಾಟಕೆಟ್‌ನ ಪಂದ್ಯವೊಂದರಲ್ಲಿ ಔಟಾದ ಸಿಟ್ಟಿಗೆ ಬ್ಯಾಟ್ ಎಸೆದ. ಅದು ಅಂಪೈರ್‌ಗೆ ಬಡಿಯಿತು. 50 ಪಂದ್ಯ ನಿಷೇಧ. ಯಾವ ಪಟ್ಟಿಯಲ್ಲೂ ಆ ಕಾಲಂ ಇರಲಿಲ್ಲ.

ನಮ್ಮ ಹುಡುಗ ಬ್ಯಾಟ್ ಗೀಟ್ ಎಸೆಯಲಿಲ್ಲ. ಗ್ಲೌಸನ್ನು ಒಮ್ಮೆ ನೋಡಿದ, ಬೂಟಿನಿಂದ ಮಣ್ಣು ಸಮ ಮಾಡಿದ, ಪಿಚರ್‌ನ ಹತ್ತಿರ ಹೋಗಿ ಎದೆ ತಟ್ಟಿಕೊಂಡು ತಪ್ಪು ನನ್ನದು ಎಂದ. ಮರು ಚೆಂಡೇ ಮತ್ತೆ ಅವನ ಬಲಗಡೆಗೆ, ಆಳಕ್ಕೆ. ಹಾರಿ ಹಿಡಿದು, ಏಳುತ್ತಲೇ ತಿರುಗಿ ಎಸೆದ. ಚೆಂಡು ಹಗ್ಗ ಎಳೆದಂತೆ ಫಸ್ಟ್ ಬೇಸಿಗೆ ಹೋಯಿತು. ಔಟ್. ಟೊಪ್ಪಿಯವನು ಪೆನ್ಸಿಲ್ ಎತ್ತುವ ಮೊದಲೇ ನೀವು ಬರೆದಿದ್ದೀರಿ: ತೋಳು, 60.

ಪಂದ್ಯ ಮುಗಿಯಿತು. ಯಾರು ಗೆದ್ದರೆಂದು ನೀವು ನೋಡಲೂ ಇಲ್ಲ. ಕಾಗದ ತೋರಿಸುತ್ತೀರಿ. ಒಂದನೆಯವನು ಇಪ್ಪತ್ತರ ಹುಡುಗ. ಬ್ಯಾಟಿಂಗಿಗೆ ಇವತ್ತು 40, ನಾಳೆಗೆ 55. ಎರಡನೆಯವನು ಪಿಚರ್, ಎರಡನೇ ಅಂಕೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮೂರನೆಯವನು ಊರನ್ನೇ ಎಬ್ಬಿಸಿ ನಿಲ್ಲಿಸಿದವನು. ನನ್ನ ಪಟ್ಟಿಯೂ ಅದೇ. "ಆದರೆ ಆ ಮೂರನೆಯವನ ಗತಿ?" ಎಂದು ಕೇಳುತ್ತೀರಿ. 2023ರ ಒಪ್ಪಂದದಲ್ಲಿ ಟ್ರಿಪಲ್ ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್. ಅದೇ ವರ್ಷ ಮೇಜರ್ ಲೀಗಿನ ಕನಿಷ್ಠ 7,20,000. ಈ ಎರಡು ಅಂಕೆಗಳ ನಡುವೆ ಎಲ್ಲೋ ಅವನ ಮನೆ, ಮಡದಿ, ಮಕ್ಕಳು. ನಾವು ಒಂದು, ಎರಡು, ಮೂರು ಎಂದು ಆಡಿದ್ದು ಅವನ ಅನ್ನದ ಪ್ರಶ್ನೆ. ನೀವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೆಟ್ಟಿಲಿನ ಬಳಿ ಟೊಪ್ಪಿಯವನು ಸಿಕ್ಕ. ಹುಡುಗನಿಗೆ ಎಷ್ಟು ಕೊಟ್ಟಿರಿ ಎಂದು ನಾನು ಕೇಳಿದೆ. ಅವನು ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟುಕೊಂಡು, ಇನ್ನೂ ಏನೂ ಇಲ್ಲ, ಇವತ್ತು ಮಂಗಳವಾರ ತಾನೇ ಎಂದ.

ಅವನ ಮಾತೇ ನಿಮಗೆ ನನ್ನ ಮಾತೂ ಆಗಲಿ. ಇಲ್ಲಿ ಒಂದೇ ಎದುರಾಳಿಯೊಂದಿಗೆ ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ. ಒಂದು ಸಂಜೆ ನೋಡಿ ಯಾರಿಗೂ ಅಂಕ ಕೊಡಬೇಡಿ, ಅಂಕಲ್. ಸ್ಟಾಪ್‌ವಾಚ್ ನಿಮ್ಮ ಹತ್ತಿರವೇ ಇರಲಿ. ನಾಳೆಯೂ ಆರು ಮೂವತ್ತೈದಕ್ಕೇ.